ಹಿತ್ತಾಳೆ ಬಿಲ್ಲೆಯ ಕಿಲುಬು

ಐರ್ಲೆಂಡಿನ ಸ್ವೋರ್ಡ್ಸ್‌ನಲ್ಲಿರುವ ಮಗಳ ಮನೆಗೆ ಬಂದ ದಿನವೇ ಮೊಮ್ಮಗಳ ಕೋಣೆಗೆ ಕಾಲಿಟ್ಟೆ. ಗೋಡೆಯ ಮೇಲೆ ಹೆಚ್ಚುಕಡಿಮೆ ನನ್ನಷ್ಟೇ ಉದ್ದದ ಕೋವಿ! ಕೈಯಲ್ಲಿದ್ದ ಚಕ್ಕುಲಿ ಡಬ್ಬ ಅಲ್ಲೇ ಬಿತ್ತು.

"ಅಯ್ಯೋ, ಇದೇನೇ? ಯಾರ್ನ ಹೊಡೆಯಕ್ಕೆ?"

ಅವಳು ಬಿದ್ದೂ ಬಿದ್ದೂ ನಕ್ಕಳು. "ಯಾರ್ನೂ ಇಲ್ಲ ಅಜ್ಜಿ. ಇದು ತುಂಬಾ ಓಲ್ಡ್. ಅಮೆರಿಕನ್ ಸೋಲ್ಜರ್ದು."

ಇಪ್ಪತ್ತೆರಡು ವರ್ಷದ ಹುಡುಗಿ. ಇಲ್ಲೇ ಹುಟ್ಟಿದವಳು. ದಿನಾ ಬಸ್ಸು ಹಿಡಿದು, ಆಮೇಲೆ ಲುವಾಸ್ ಅನ್ನುವ ಟ್ರಾಮು ಹತ್ತಿ ಸ್ಯಾಂಡಿಫರ್ಡಿನ ಆಫೀಸಿಗೆ ಹೋಗುತ್ತಾಳೆ. ಅವಳ ಓರಗೆಯವರು ಚಪ್ಪಲಿ, ಬಟ್ಟೆ ಅಂತ ಕೂಡಿಸಿಟ್ಟುಕೊಂಡರೆ ಇವಳಿಗೆ ಅಮೆರಿಕದ ಹಳೇ ಬಂದೂಕಿನ ಹುಚ್ಚು. ಅಮೆರಿಕದವರು ತಮ್ಮತಮ್ಮಲ್ಲೇ ಬಡಿದಾಡಿಕೊಂಡ ಒಂದು ಯುದ್ಧವಂತೆ, ನೂರೈವತ್ತು ವರ್ಷದ ಮೇಲಾಯಿತಂತೆ, ಆಗಿನದು. ನಳಿಗೆಯ ಬಾಯಿಂದ ಮದ್ದು ತುರುಕಿ ಹೊಡೆಯುವ ಕಾಲದ್ದು. ಇಷ್ಟು ಹಳೆಯದನ್ನು ಅಲಂಕಾರಕ್ಕೆ ಇಟ್ಟುಕೊಳ್ಳಬಹುದಂತೆ.

ಈ ಹುಚ್ಚು ಹತ್ತಿಸಿದವರು ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆ ಇರುವ ಒಬ್ಬ ಐರಿಷ್ ಯಜಮಾನರು. ಎಂಬತ್ತು ದಾಟಿದವರು. ಹಿಂದಿನ ಕೋಣೆಯ ತುಂಬ ಕೋವಿ, ಅದರ ತುದಿಗೆ ಸಿಗಿಸುವ ಬಯೊನೆಟ್ಟು, ತೊಗಲಿನ ಬೆಲ್ಟು, ಸಿಪಾಯಿಗಳ ನೀರಿನ ಬಾಟಲಿ. ಈ ದೇಶದ ಎಷ್ಟೋ ಹುಡುಗರು ಹಡಗು ಹತ್ತಿ ಹೋಗಿ ಆ ಯುದ್ಧದಲ್ಲಿ ಹೊಡೆದಾಡಿದ್ದರಂತೆ. ಅವರ ಮನೆತನದವನೂ ಒಬ್ಬ ಹೋಗಿದ್ದನಂತೆ.

ಈಗ ಅವರು ಮನೆ ಖಾಲಿ ಮಾಡಿ ಕಾರ್ಕ್‌ನಲ್ಲಿರುವ ಮಗನ ಜೊತೆ ಇರಲು ಹೊರಟಿದ್ದರು. ಮಗನಿಗೆ ಈ ಸಾಮಾನು ಬೇಡ. ಒಂದೊಂದಾಗಿ ಹರಾಜಿಗೆ ಹಾಕಬೇಕು, ಇಲ್ಲವೇ ಅಷ್ಟನ್ನೂ ನನ್ನ ಮೊಮ್ಮಗಳ ಕೈಗೆ ಕೊಡಬೇಕು. ಇವಳಿಗೋ ಅದೇ ಧ್ಯಾನ. ಅವರಿಗೆ ಒಂದೇ ಅನುಮಾನ, ಈಗಿನ ಹುಡುಗಿ, ಜೋಪಾನ ಮಾಡುತ್ತಾಳೋ ಇಲ್ಲವೋ ಎಂದು. ಅದಕ್ಕೇ ಒಂದು ತಿಂಗಳು ನೋಡಿಕೋ ಎಂದು ತಮ್ಮ ಮನೆತನದ ಆ ಸಿಪಾಯಿಯ ತೋಟಾ ಪೆಟ್ಟಿಗೆಯನ್ನು ಕೊಟ್ಟಿದ್ದರು. ಸೊಂಟಕ್ಕೆ ಕಟ್ಟಿಕೊಳ್ಳುವ ತೊಗಲಿನ ಪೆಟ್ಟಿಗೆ, ಮುಚ್ಚಳದ ಮೇಲೆ ಮೊಟ್ಟೆಯಾಕಾರದ ಹಿತ್ತಾಳೆ ಬಿಲ್ಲೆ. ಬಿಲ್ಲೆ ಎಂದರೆ ಏನು, ಕರ್ರಗೆ, ಹಸಿರು ಹಿಡಿದು, ಮೇಲಿದ್ದ ಅಕ್ಷರವೂ ಸರಿಯಾಗಿ ಕಾಣುತ್ತಿರಲಿಲ್ಲ.

ಆಯುಧಪೂಜೆ ಬಂತು. ಮಗಳು ಡಾಕ್ಟರು, ಆಸ್ಪತ್ರೆಗೆ ಹೋಗಿದ್ದಳು. ಮೊಮ್ಮಗಳು ಆಫೀಸಿಗೆ. ನಮ್ಮ ಯಜಮಾನರು ಲೇತ್ ಮಷಿನ್ನಿನ ಕೆಲಸದವರು. ಅವರಿದ್ದಷ್ಟು ಕಾಲವೂ ಪ್ರತಿ ವರ್ಷ ಅವರ ಸ್ಪ್ಯಾನರು, ಸುತ್ತಿಗೆ ಎಲ್ಲ ತೊಳೆದು ಒರೆಸಿ ಕುಂಕುಮ ಇಟ್ಟವಳು ನಾನು. ಈ ಮನೆಯಲ್ಲಿ ಕಾರಿಗೂ, ಮಗಳ ಸ್ಟೆತಾಸ್ಕೋಪಿಗೂ, ಕಂಪ್ಯೂಟರಿಗೂ ಪೂಜೆ ನಡೆಯುತ್ತದೆ. ನಿಜವಾದ ಆಯುಧವೇ ಮನೆಯಲ್ಲಿರುವಾಗ ಅದನ್ನು ಬಿಡಲುಂಟೇ? ಕೋವಿಗೆ ಹೂ ಮುಡಿಸಿದೆ. ತೋಟಾ ಪೆಟ್ಟಿಗೆ ಕೈಗೆತ್ತಿಕೊಂಡರೆ ಆ ಬಿಲ್ಲೆ! ಇಷ್ಟು ಕಿಲುಬು ಹಿಡಿಸಿ ವಾಪಸು ಕೊಟ್ಟರೆ ಆ ಐರಿಷ್ ಯಜಮಾನರು ಏನಂದಾರು, ಹುಡುಗಿ ಮಡಗಿಕೊಳ್ಳಲಾರಳು ಅನ್ನುವುದಿಲ್ಲವೇ? ಹುಣಸೆಹಣ್ಣು ನೆನೆಸಿದೆ. ತೊಗಲಿಗೆ ನೀರು ತಾಕದ ಹಾಗೆ ಸುತ್ತ ಬಟ್ಟೆ ಕೊಟ್ಟು, ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಉಜ್ಜಿದೆ ನೋಡಿ, ಬಂಗಾರ! ಮುಖ ಕಾಣುವ ಹಾಗಾಯಿತು.

ಸಂಜೆ ಮೊಮ್ಮಗಳು ಬಂದಳು. ದೇವರ ಮುಂದೆ ಇಟ್ಟದ್ದನ್ನು ನೋಡಿ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಅಜ್ಜಿ... ವಾಶ್ ಮಾಡಿದ್ರಾ?"

"ಹ್ಞೂಂ ಪುಟ್ಟಿ! ಹೆಂಗೆ ಫಳಫಳ ಅಂತೈತೆ!"

"ಆ ಬ್ಲ್ಯಾಕ್ ಎಲ್ಲಾ ಹೋಯ್ತಾ?"

"ಕಿಲುಬು ಕಣೇ ಅದು."

"ಅದೇ ಬೇಕಿತ್ತು ಅಜ್ಜಿ."

ನೆಂಟರ ಕಣ್ಣಿಗೆ ಬಿಂದಿಗೆಯ ಕಿಲುಬು ಬಿದ್ದರೆ ಮಾನ ಹೋಯಿತು ಎಂದು ಹೆದರಿಕೊಂಡೇ ಬಾಳಿದವಳು ನಾನು. ಇಲ್ಲಿ ನೋಡಿದರೆ ಕಿಲುಬಿಗೇ ಬೆಲೆಯಂತೆ! ಆ ಕಪ್ಪು ಹಿಡಿಯುವುದಕ್ಕೆ ಅಷ್ಟೂ ವರ್ಷ ಬೇಕಾಯಿತು, ಅದೇ ಅದರ ವಯಸ್ಸಿನ ಗುರುತು, ಈ ಹವ್ಯಾಸದವರು ಯಾರೂ ಅದನ್ನು ಉಜ್ಜುವುದಿಲ್ಲ ಎಂದು ಅವಳು ಅಳುತ್ತ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದಳು.

"ಕಾಫಿ ಡಿಕಾಕ್ಷನ್ ಹಚ್ಚಿ ಕಪ್ಪು ಮಾಡಾಣ," ಎಂದೆ. "ಅವರಿಗೂ ಕಣ್ಣು ಅಷ್ಟಕ್ಕಷ್ಟೆ."

"ಅದು ಫೇಕ್ ಅಜ್ಜಿ. ಮೋಸ ಮಾಡೋರು ಹಂಗೇ ಮಾಡೋದು. ನಾಳೆ ಹೋಗಿ ಹೇಳ್ತೀನಿ."

ಡ್ಯೂಟಿ ಮುಗಿಸಿ ಬಂದ ಮಗಳು ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು. "ಅಮ್ಮಾ, ನಿನ್ನ ಹುಣಸೆಹಣ್ಣಿಗೆ ಇಡೀ ಐರ್ಲೆಂಡಲ್ಲಿ ಬೇರೆ ಪಾತ್ರೆ ಸಿಗ್ಲಿಲ್ವಾ?"

ಮಾರನೇ ದಿನ ಶನಿವಾರ. ನಾನೂ ಬರುತ್ತೇನೆ ಎಂದು ಹಟ ಹಿಡಿದು ಹೋದೆ. ಯಜಮಾನರು ಪೆಟ್ಟಿಗೆ ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಹಾಗೇ ಕುರ್ಚಿಗೆ ಕೂತರು. ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸುತ್ತಲೇ ಇದ್ದರು. ಮೊಮ್ಮಗಳು ಇಂಗ್ಲಿಷಿನಲ್ಲಿ ತಪ್ಪು ನನ್ನದು, ನಾನು ಬೀಗ ಹಾಕಿಡಬೇಕಿತ್ತು ಎಂದಳಂತೆ. ಅಷ್ಟು ಇಂಗ್ಲಿಷು ಅರ್ಥವಾಗದಿದ್ದರೂ ಅವಳು ತಲೆ ತಗ್ಗಿಸಿದ್ದು ಅರ್ಥವಾಯಿತು. ನಾನು ಎದೆ ತಟ್ಟಿಕೊಂಡು, "ಇಲ್ಲ ಸ್ವಾಮಿ, ಮಾಡಿದ್ದು ನಾನು. ಮಗು ಮೇಲೆ ಸಿಟ್ಟಾಗ್ಬೇಡಿ," ಎಂದು ಕೈಮುಗಿದೆ.

ಅವರು ಎದ್ದು ಒಳಗೆ ಹೋದರು. ಮುಗಿಯಿತು, ಮನೆಯಿಂದ ಆಚೆ ಹೋಗಿ ಅನ್ನುತ್ತಾರೆ ಎಂದುಕೊಂಡೆ. ಒಂದು ಕೋವಿ ತಂದು ನಮ್ಮ ಮುಂದೆ ಮಲಗಿಸಿದರು. ಅದರ ಮರ ಲಟ್ಟಣಿಗೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಅವರು ಹೇಳಿದ್ದನ್ನು ಮೊಮ್ಮಗಳು ಕನ್ನಡಕ್ಕೆ ಹಾಕಿದಳು. ಇಪ್ಪತ್ತನೇ ವಯಸ್ಸಿನಲ್ಲಿ ಅವರೇ ಉಪ್ಪುಕಾಗದ ಹಾಕಿ ತಿಕ್ಕಿ ವಾರ್ನಿಷ್ ಬಳಿದಿದ್ದರಂತೆ. ಆ ಮರದಲ್ಲಿ ಕೋವಿ ಹೊತ್ತಿದ್ದ ಸಿಪಾಯಿ ಚಾಕುವಿನಿಂದ ತನ್ನ ಹೆಸರಿನ ಅಕ್ಷರ ಕೆತ್ತಿದ್ದನಂತೆ. ತಿಕ್ಕಿ ಮುಗಿದ ಮೇಲೆ ಅದು ಪುಡಿಯಾಗಿ ನೆಲದ ಮೇಲಿತ್ತಂತೆ. ಅರವತ್ತು ವರ್ಷದಿಂದ ಯಾರಿಗೂ ತೋರಿಸಿರಲಿಲ್ಲವಂತೆ.

"ಏನಂತಾರೆ ಈಗ?" ಎಂದೆ.

"ಒಂದ್ಸಲ ಹಾಳಾಗಿದ್ದು ನೋಡಿರೋರು ಇನ್ನೊಂದನ್ನ ಹಾಳು ಮಾಡಲ್ವಂತೆ. ಇನ್ನೂ ಏನೂ ಹಾಳು ಮಾಡದೇ ಇರೋರನ್ನೇ ನಂಬಕ್ಕಾಗಲ್ವಂತೆ."

ಯಜಮಾನರು ನನ್ನ ಕಡೆ ಬೆರಳು ತೋರಿಸಿ ಇನ್ನೇನೋ ಅಂದರು. ಇವಳ ಮುಖದಲ್ಲಿ ಅಳುವೂ ನಗುವೂ ಒಟ್ಟಿಗೇ ಬಂತು. "ಯುದ್ಧದಲ್ಲಿ ಸಾರ್ಜೆಂಟು ಸಿಪಾಯಿಗಳಿಗೆ ಬೈದು ಬೈದು ಈ ಬಿಲ್ಲೇನ ಉಜ್ಜಿಸ್ತಿದ್ನಂತೆ ಅಜ್ಜಿ. ನಿಮ್ಮಂಥೋರು ಸಿಕ್ಕಿದ್ರೆ ಅವನು ತುಂಬಾ ಖುಷಿಯಾಗಿರ್ತಿದ್ನಂತೆ. ಆದ್ರೆ ನೀವು ಇನ್ಮೇಲೆ ಯಾವುದನ್ನೂ ಮುಟ್ಬಾರ್ದಂತೆ, ನಾನು ಹೇಳಿದ್ರೆ ಮಾತ್ರ."

"ಇನ್ಮೇಲೆ ಅಂದ್ರೆ?"

"ಎಲ್ಲಾ ನಂಗೇ ಅಂತೆ, ಅಜ್ಜಿ."

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಇಂಗ್ಲಿಷು ಎಲ್ಲಿಂದ ಬರಬೇಕು? ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡೆ, ಬಿಡಲೇ ಇಲ್ಲ. ಮೊಮ್ಮಗಳು ಬಾಯ್ತುಂಬ ಮಾತಾಡುವವಳು, ಅವತ್ತು ಸಣ್ಣ ದನಿಯಲ್ಲಿ ಇಲ್ಲಿಯವರ ಹಾಗೆ "ಗ್ರ್ಯಾಂಡ್, ಗ್ರ್ಯಾಂಡ್", ಅಂದರೆ ಸರಿ ಸರಿ, ಅನ್ನುವುದಷ್ಟೇ ಆಯಿತು.

ಮೊದಲನೆಯ ಕೋವಿಯನ್ನು ಆಗಲೇ ತಂದೆವು. ಕಂಬಳಿ ಸುತ್ತಿ, ಅವಳು ಮುಂದಿನ ತುದಿ, ನಾನು ಹಿಂದಿನ ತುದಿ. ಎದುರಿಗೆ ಬಂದ ಪೋಸ್ಟಿನವನು ಕರ್ಟನ್ ಕಂಬಿಯೋ ಎಂದು ಕೇಳಿದ. ಹೌದಪ್ಪ ಎಂದು ನಾನೇ ತಲೆಯಾಡಿಸಿದೆ.

"ಭಾರಾನಾ ಅಜ್ಜಿ?"

"ನಡಿ ನಡಿ. ಇನ್ನೂ ಎಷ್ಟೈತೆ?"

"ಹನ್ನೊಂದು ಗನ್."

"ಹಂಗಾದ್ರೆ ಬೇಗ ಕಾಲು ಹಾಕೇ, ಅವರು ಮನಸ್ಸು ಬದಲಾಯಿಸೋದ್ರೊಳಗೆ!"