ನ್ಯಾಷನಲ್ ದೊಡ್ಡದೋ, ವರ್ಲ್ಡ್ ದೊಡ್ಡದೋ

ಸೇಡಂ ರಸ್ತೆಯಲ್ಲಿ ಮೋಟರ್‌ಸೈಕಲ್ ಗ್ಯಾರೇಜು ಇಟ್ಟುಕೊಂಡಿದ್ದ ದೇವೀಂದ್ರಪ್ಪನಿಗೆ ಕೂರುವ ವಿದ್ಯೆಯೊಂದು ಬಿಟ್ಟು ಉಳಿದ ಎಲ್ಲ ವಿದ್ಯೆಯೂ ಬರುತ್ತಿತ್ತು. ಊಟಕ್ಕೆ ಕೂತರೆ ಎರಡನೇ ರೊಟ್ಟಿ ಮುರಿಯುವಷ್ಟರಲ್ಲಿ ಎದ್ದು ಅಂಗಳಕ್ಕೆ ಹೋಗಿಬರಬೇಕು. ಮದುವೆಗೆ ಹೋದರೆ ಅಕ್ಷತೆ ಬೀಳುವ ಮೊದಲೇ ಹೊರಗೆ ಬಂದು, ಯಾರ್ಯಾರದೋ ಗಾಡಿಯ ಚೈನು ಮುಟ್ಟಿ ನೋಡುತ್ತ ನಿಲ್ಲಬೇಕು. ‘ಇವ್ರ ಕೆಳಗ ದೇವರು ಸ್ಪ್ರಿಂಗ್ ಕೂಡಿಸ್ಯಾನ್ರಿ, ಏನು ಮಾಡೂದು’ ಎಂದು ಹೆಂಡತಿ ನಾಗರತ್ನಾ ಬಂದವರ ಮುಂದೆ ನಗುತ್ತಿದ್ದಳು. ಐವತ್ತೆರಡರ ಗಂಡಸು ಹೀಗೆ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ತಿರುಗಿದರೆ ನಗದೆ ಇನ್ನೇನು ಮಾಡಬೇಕು?

ರವಿವಾರ ಬಂತೆಂದರೆ ಈ ಚಡಪಡಿಕೆ ನೆತ್ತಿಗೇರುತ್ತಿತ್ತು. ಇಳಿಹೊತ್ತಿನಲ್ಲಿ ಗ್ಯಾರೇಜಿನ ಶಟರು ಅರ್ಧ ಇಳಿಸಿ, ಗೋಡೆಯ ಟಿವಿಗೆ ಮೊಬೈಲು ಜೋಡಿಸಿ, ಅವನೂ, ಹಿಂದೊಮ್ಮೆ ರೇಸು ಓಡಿಸುತ್ತಿದ್ದ ಅಜಿತನೂ ವರ್ಲ್ಡ್ ಸೂಪರ್‌ಬೈಕ್ ರೇಸು ನೋಡುತ್ತಿದ್ದರು. ಅಜಿತ ಕುರ್ಚಿಯಲ್ಲಿ, ಎಡಗಾಲು ನೀಡಿಕೊಂಡು. ದೇವೀಂದ್ರಪ್ಪ ನಿಂತೇ, ಕೈಯಲ್ಲೊಂದು ನಟ್ಟು ಬಿಚ್ಚುವ ಪಾನಾ ಹಿಡಿದು, ಆಗಲೇ ಸ್ವಚ್ಛವಾಗಿದ್ದ ಅದನ್ನು ಮತ್ತೆ ಮತ್ತೆ ಒರೆಸುತ್ತ. ರೇಸು ನೆಪ ಮಾತ್ರ, ನಡೆಯುತ್ತಿದ್ದದ್ದು ವಾದ. ನ್ಯಾಷನಲ್ ಚಾಂಪಿಯನ್‌ಶಿಪ್ಪು ದೊಡ್ಡದೋ, ವರ್ಲ್ಡ್ ದೊಡ್ಡದೋ?

ತಿಳಿಯದವರಿಗೆ ಹೇಳುವುದಾದರೆ, ವರ್ಲ್ಡ್ ಸೂಪರ್‌ಬೈಕಿನಲ್ಲಿ ಓಡುವುದು ಅಂಗಡಿಯಲ್ಲಿ ಕೊಳ್ಳಲು ಸಿಗುವ ಸಾವಿರ ಸಿಸಿಯ ಗಾಡಿಯೇ. ಅದನ್ನೇ ತಿದ್ದಿ ತೀಡಿ ಓಡಿಸುತ್ತಾರೆ. ಹಿಂದಿನ ಗಾಲಿ ಜಾರತೊಡಗಿದರೆ ಸಾವರಿಸಲು ಗಾಡಿಯ ಹೊಟ್ಟೆಯಲ್ಲಿ ಕಂಪ್ಯೂಟರು ಇರುತ್ತದೆ. ಇಂಗ್ಲೆಂಡಿನವರ ನ್ಯಾಷನಲ್‌ನಲ್ಲೂ ಅಂಥವೇ ಗಾಡಿ, ಆದರೆ ಆ ಆಸರೆ ಇಲ್ಲ. ಜಾರಿದರೆ ಓಡಿಸುವವನ ಬಲಗೈಯೇ ಗತಿ. ನಮ್ಮ ದೇಶದ ನ್ಯಾಷನಲ್‌ನಲ್ಲಿ ಗಾಡಿಗಳೇ ಸಣ್ಣವು. ಸವಾರನ ಕೈ ಬಿಟ್ಟರೆ ಗಾಡಿ ಸಜ್ಜು ಮಾಡುವ ಮಿಸ್ತ್ರಿಯ ಕೈ, ಅಷ್ಟೇ ಬಂಡವಾಳ.

ಒಂದು ರವಿವಾರ ದೇವೀಂದ್ರಪ್ಪ ಹೇಳುತ್ತಿದ್ದ, ‘ನ್ಯಾಷನಲ್ ಅಂದ್ರ ಕೈ, ವರ್ಲ್ಡ್ ಅಂದ್ರ ಕಂಪ್ಯೂಟರು. ಕೈಲಿಂದ ಗೆದ್ದಾವನೇ ದೊಡ್ಡಾವ ನೋಡು.’ ಮುಂದಿನ ರವಿವಾರ ಅದೇ ಬಾಯಿ, ‘ಕೈ ಏನ್ ದೊಡ್ಡದೋ? ಕೈ ತಪ್ಪು ಮಾಡ್ತದ. ವರ್ಲ್ಡ್‌ನ್ಯಾಗ ಟೈರಿನ ಗಾಳಿ ಸೈತ ಅಳದು ನೋಡಾವ್ರು ಬ್ಯಾರೆ ಇರ್ತಾರ. ಅದಕ್ಕೇ ಅದು ದೊಡ್ಡದು.’

‘ಕಾಕಾ, ಹೋದ ವಾರ ಉಲ್ಟಾ ಹೇಳಿದ್ರಿ. ಒಂದು ಕಡಿ ನಿಲ್ರಿ’ ಎಂದು ಅಜಿತ ನಗುತ್ತಿದ್ದ.

ಒಂದು ಕಡೆ ನಿಲ್ಲುವುದೇ ದೇವೀಂದ್ರಪ್ಪನಿಗೆ ಆಗದ ಕೆಲಸವಾಗಿತ್ತು. ಎಂಟು ವರ್ಷದಿಂದ ಹೀಗೆಯೇ. ಅದಕ್ಕೆ ಕಾರಣ ನಾಗರತ್ನಾಗೂ ಗೊತ್ತಿರಲಿಲ್ಲ.

ಎಂಟು ವರ್ಷದ ಹಿಂದೆ ಅಜಿತ ಇಪ್ಪತ್ತಮೂರರ ಹುಡುಗ. ಕೋಟೆಯ ಹತ್ತಿರದ ಓಣಿಯಲ್ಲಿದ್ದ ವಾಸುದೇವರಾಯರ ಒಬ್ಬನೇ ಮಗ. ರಾಯರ ಮನೆತನದಲ್ಲಿ ಪೌರೋಹಿತ್ಯ ಮಾಡಿದವರಿದ್ದರು, ಕಚೇರಿಯಲ್ಲಿ ದುಡಿದವರಿದ್ದರು, ಮೋಟರ್‌ಸೈಕಲ್ಲಿನ ಮೇಲೆ ಮೊಣಕಾಲು ನೆಲಕ್ಕೆ ತಾಗಿಸಿಕೊಂಡು ತಿರುವು ಹೊಡೆದವನು ಇವನೊಬ್ಬನೇ. ನ್ಯಾಷನಲ್‌ನಲ್ಲಿ ಆ ವರ್ಷದ ಎರಡು ಸುತ್ತಿನ ರೇಸು ಮುಗಿದಾಗ ಅಂಕಪಟ್ಟಿಯಲ್ಲಿ ಮೂರನೆಯವನಾಗಿದ್ದ. ಅವನ ಮಿಸ್ತ್ರಿ ದೇವೀಂದ್ರಪ್ಪ.

ಕಲಬುರಗಿಯ ಬಿಸಿಲಿನಲ್ಲಿ ಬೆಳೆದ ಮಿಸ್ತ್ರಿಗೆ ಮೈಗೂಡಿದ ರೂಢಿಯೊಂದಿದೆ: ಟೈರಿಗೆ ಗಾಳಿ ಯಾವಾಗಲೂ ಒಂದಿಷ್ಟು ಕಡಿಮೆಯೇ ಇರಲಿ. ರಸ್ತೆ ಕಾದರೆ ಗಾಳಿ ತಾನೇ ಉಬ್ಬುತ್ತದೆ. ಭರ್ತಿ ತುಂಬಿದ ಟೈರು ಏಪ್ರಿಲ್ ಮಧ್ಯಾಹ್ನ ಢಮ್ ಎನ್ನುತ್ತದೆ. ದೇವೀಂದ್ರಪ್ಪ ಗಾಳಿ ಅಳೆಯುವ ಮೀಟರು ಹಚ್ಚುವವನೇ ಅಲ್ಲ. ಹೆಬ್ಬೆರಳಿನಿಂದ ಟೈರು ಒತ್ತಿ ‘ಬರೋಬ್ಬರಿ ಅದ’ ಎಂದರೆ ಸೇಡಂ ರಸ್ತೆಯಲ್ಲಿ ಅದೇ ಕೊನೆಯ ಮಾತು.

ಮೂರನೇ ಸುತ್ತು ಇದ್ದದ್ದು ದೂರದ ದಕ್ಷಿಣದಲ್ಲಿ, ಮಳೆಗಾಲದಲ್ಲಿ. ರೇಸಿನ ಗಾಡಿ ಹೊತ್ತ ಲಾರಿ ಅಲ್ಲಿ ಮುಟ್ಟಿದ್ದು ಹಿಂದಿನ ದಿನ ಮಧ್ಯಾಹ್ನ. ಲಾರಿಯ ತಗಡಿನೊಳಗೆ ಕಾದು ಟೈರು ಬಿಸಿಯಾಗಿದ್ದವು. ರೂಢಿಯ ಕೈ, ಫಸ್ ಎಂದು ಗಾಳಿ ಬಿಟ್ಟಿತು. ಬೆಳಗಾಗುವಷ್ಟರಲ್ಲಿ ಮೋಡ ಕವಿದು ಚಳಿಗಾಳಿ ಬೀಸುತ್ತಿತ್ತು. ತಂಪಿಗೆ ಟೈರು ಇನ್ನಷ್ಟು ಇಳಿದಿರುತ್ತದೆಂದು ಆ ಊರಿನ ಮಿಸ್ತ್ರಿಗಳೆಲ್ಲ ಮೀಟರು ಹಿಡಿದು ಗಾಳಿ ಏರಿಸುತ್ತಿದ್ದರೆ, ದೇವೀಂದ್ರಪ್ಪ ಹೆಬ್ಬೆರಳು ಒತ್ತಿ ಬರೋಬ್ಬರಿ ಎಂದ. ನಾಲ್ಕನೇ ಲ್ಯಾಪಿನಲ್ಲಿ, ನೇರ ರಸ್ತೆ ಮುಗಿಯುವಲ್ಲಿ ಅಜಿತ ಬ್ರೇಕು ಹಿಡಿದ. ಮುಂದಿನ ಗಾಲಿ ಒಳಕ್ಕೆ ಹೊರಳಿ ಗಾಡಿ ಉರುಳಿತು. ಎಡಗಾಲಿನ ಎಲುಬು ಎರಡು ಕಡೆ ಮುರಿಯಿತು.

ಸಂಜೆ ಲಾರಿಯಲ್ಲಿ ಒಬ್ಬನೇ ಇದ್ದಾಗ ದೇವೀಂದ್ರಪ್ಪ ಮುಂದಿನ ಗಾಲಿಗೆ ಮೀಟರು ಹಚ್ಚಿದ. ಗಾಲಿಗೆ ಏನೂ ಆಗಿರಲಿಲ್ಲ, ಬಿದ್ದಾಗ ಗಾಳಿ ಸೋರಿರಲಿಲ್ಲ. ಇಪ್ಪತ್ತೆಂಟು ಇರಬೇಕಾದಲ್ಲಿ ಹತ್ತೊಂಬತ್ತಿತ್ತು. ಅವನು ಸುತ್ತ ನೋಡಿದ, ಯಾರೂ ಇರಲಿಲ್ಲ. ಉಳಿದ ಗಾಳಿಯನ್ನೂ ಬಿಟ್ಟುಬಿಟ್ಟ.

ದವಾಖಾನೆಯಲ್ಲಿ ಅಜಿತ ಎಚ್ಚರವಾದಾಗ ಹೇಳಿದ್ದು ಒಂದೇ ಮಾತು, ‘ಕಾಕಾ, ಬ್ರೇಕ್ ಜಾಸ್ತಿ ಹಿಡದೆ. ನಂದೇ ತಪ್ಪು.’ ವಾಸುದೇವರಾಯರು ಎಲ್ಲರೆದುರಿಗೆ ಮಗನಿಗೇ, ‘ಮಿತಿ ಗೊತ್ತಿಲ್ಲದವನ ಕೈಯಾಗ ಗಾಡಿ ಕೊಟ್ರ ಹಿಂಗೇ ಆಗ್ತದ’ ಎಂದರು. ದೇವೀಂದ್ರಪ್ಪ ಅಲ್ಲೇ ಗೋಡೆಗೆ ಆತು ನಿಂತಿದ್ದ. ಬಿಸಿತುಪ್ಪ ಬಾಯಿಗೆ ಬಿದ್ದಂತಾಗಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅವತ್ತು ನಿಂತವನು ಆಮೇಲೆ ನೆಟ್ಟಗೆ ಕೂರಲೇ ಇಲ್ಲ.

ಅಜಿತ ರೇಸು ಬಿಟ್ಟ. ಕಮಲಾಪುರದ ಬ್ಯಾಂಕೊಂದರಲ್ಲಿ ನೌಕರಿ ಹಿಡಿದ, ಶುಭದಾಳನ್ನು ಮದುವೆಯಾದ. ದೇವೀಂದ್ರಪ್ಪ ನ್ಯಾಷನಲ್ಲೋ ವರ್ಲ್ಡೋ ಎಂದು ತೂಗುತ್ತ ಉಳಿದ. ಕೈಯೇ ದೊಡ್ಡದೆಂದರೆ ತಪ್ಪು ಪೂರಾ ತನ್ನದು. ಯಂತ್ರವೇ ದೊಡ್ಡದೆಂದರೆ, ಅಂಥದ್ದಿಲ್ಲದ ಬಡ ನ್ಯಾಷನಲ್‌ನದು. ತಕ್ಕಡಿ ಒಂದು ವಾರ ಈ ಕಡೆ, ಒಂದು ವಾರ ಆ ಕಡೆ.

ಈ ಜೂನಿನ ಒಂದು ಮಂಗಳವಾರ ಶುಭದಾ ಗ್ಯಾರೇಜಿಗೆ ಬಂದಳು.

‘ಕಾಕಾ, ನಿಮ್ಮ ಮಾತು ಬಿಟ್ರ ಅವರು ಯಾರದೂ ಕೇಳಂಗಿಲ್ರಿ’ ಎಂದು ಶುರು ಮಾಡಿದಳು. ಪುಣೆಯಲ್ಲಿ ರೇಸು ಕಲಿಸುವ ಹೊಸ ಶಾಲೆಯವರು ಅಜಿತನನ್ನು ಕಲಿಸಲು ಕರೆದಿದ್ದರು. ಹಳೆಯ ಲ್ಯಾಪ್ ಟೈಮು ನೋಡಿ ತಾವಾಗಿಯೇ ಕರೆದದ್ದು. ಶನಿವಾರದೊಳಗೆ ಉತ್ತರ ಬೇಕು. ಅಜಿತ ಒಲ್ಲೆ ಅಂದಿದ್ದ. ‘ಬ್ರೇಕ್ ಹಿಡಿಯಾಕ ಬರದಾವ ಮಂದಿಗೇನ್ ಕಲಸ್ತಾನ ಅಂತಾರ್ರಿ. ನಿದ್ದಿಯಾಗ ಬಲಗೈ ಮುಷ್ಟಿ ಬಿಗಿ ಹಿಡೀತಾರ. ನಾ ಬಿಡಿಸಬೇಕು. ಬ್ಯಾರೆ ಯಾರದರ ತಪ್ಪು ಇತ್ತೇನ್ರಿ ಕಾಕಾ ಅವತ್ತು? ಗಾಡೀದು ಏನರ?’

ಅವಳಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೇವೀಂದ್ರಪ್ಪ ‘ಗಾಡಿ ಚಲೋ ಇತ್ತವ್ವಾ! ಗಾಡೀಗೇನಾಗಿತ್ತು?’ ಎಂದು ಕೂಗಿಯೇಬಿಟ್ಟ. ಶುಭದಾ ಗಾಬರಿಯಾಗಿ ನೋಡಿದಳು. ಅವನೇ ದನಿ ಇಳಿಸಿ, ‘ಹೇಳ್ತೀನಿ ತಾಯಿ, ಅವನಿಗಿ ಹೇಳ್ತೀನಿ’ ಎಂದ.

ಬುಧವಾರ ಹೇಳಲಿಲ್ಲ. ಗುರುವಾರ ಒಂದೇ ಸ್ಕೂಟರಿನ ಕಾರ್ಬುರೇಟರನ್ನು ಮೂರು ಸಲ ಬಿಚ್ಚಿ ಮೂರು ಸಲ ಕೂಡಿಸಿದ. ಹೇಳಿದರೆ ಅಜಿತ ಕೈತಪ್ಪುತ್ತಾನೆ. ಮಕ್ಕಳಿಲ್ಲದ ದೇವೀಂದ್ರಪ್ಪನಿಗೆ ರವಿವಾರದ ಆ ಎರಡು ತಾಸೇ ಮಗನಿದ್ದಂತೆ. ಹೇಳದಿದ್ದರೆ ಅಜಿತ ಇನ್ನೂ ಮೂವತ್ತು ವರ್ಷ ತನ್ನ ಕೈಯನ್ನೇ ಬೈದುಕೊಂಡು ಬ್ಯಾಂಕಿನಲ್ಲಿ ಕೂರುತ್ತಾನೆ. ಶುಕ್ರವಾರ ಹನ್ನೊಂದಕ್ಕೆ ಗಿರಾಕಿಯ ಗಾಡಿಯನ್ನು ಅರ್ಧ ಬಿಚ್ಚಿದಲ್ಲೇ ಬಿಟ್ಟು ಕಮಲಾಪುರದ ದಾರಿ ಹಿಡಿದ.

ಊಟದ ಹೊತ್ತಿಗೆ ಅಜಿತ ಬ್ಯಾಂಕಿನಿಂದ ಹೊರಗೆ ಬಂದ. ಬೇವಿನ ಗಿಡದ ಕೆಳಗೆ ಹಣ್ಣು ಮಾರುವ ಬಂಡೆಮ್ಮನ ಕೆಂಪು ಬಾಳೆಹಣ್ಣಿನ ಬುಟ್ಟಿ ಇತ್ತು. ಎರಡು ಹಣ್ಣು ಕೊಂಡು ಒಂದನ್ನು ಕಾಕಾನ ಕೈಗೆ ಕೊಟ್ಟ. ದೇವೀಂದ್ರಪ್ಪ ಸಿಪ್ಪೆ ಸುಲಿದ, ತಿನ್ನಲಿಲ್ಲ.

‘ಅಜಿತ, ಇಂಗ್ಲೆಂಡಿನವ್ರ ನ್ಯಾಷನಲ್‌ನ್ಯಾಗ ನೋಡು…’

‘ಇದನ್ನ ಹೇಳಾಕ ಇಲ್ಲೀತನಾ ಬಂದ್ರೇನು? ರವಿವಾರ ಹೇಳ್ರಿ ಕಾಕಾ!’ ಅಜಿತ ನಕ್ಕ. ‘ಪುಣ್ಯಾದ ಸಾಲಿ ಸುದ್ದಿ ಇದ್ರ ಬ್ಯಾಡ. ನನ್ನ ಕೈಯಾಗ ದಮ್ ಇಲ್ಲ. ವರ್ಲ್ಡ್ ದೂರ ಉಳೀತು, ನಾ ನ್ಯಾಷನಲ್‌ಗೂ ಸರಿ ಇದ್ದಿಲ್ಲ.’

‘ಮುಂದಿನ ಟೈರಿನ್ಯಾಗ ಗಾಳಿ ಇದ್ದಿಲ್ಲ’ ಎಂದ ದೇವೀಂದ್ರಪ್ಪ.

‘ಯಾವ ಟೈರು?’

‘ಅವತ್ತಿಂದು. ಇಪ್ಪತ್ತೆಂಟು ಬೇಕಾಗಿತ್ತು, ಹತ್ತೊಂಬತ್ತಿತ್ತು. ಹಿಂದಿನ ದಿನ ನಾ ಬಿಟ್ಟಿದ್ದೆ. ಮುಂಜಾನಿ ಮೀಟರು ಹಚ್ಚಲಿಲ್ಲ, ಬೆರಳು ಒತ್ತಿ ಬಿಟ್ಟೆ. ನೀ ಬಿದ್ದ ಮ್ಯಾಲ ಅಳದು ನೋಡಿದೆ. ಆಮ್ಯಾಲ ಯಾರಿಗೂ ಗೊತ್ತಾಗಬಾರದಂತ ಇದ್ದದ್ದೂ ಬಿಟ್ಟೆ.’

ಅಜಿತ ಬಾಯಿಗೆ ಒಯ್ದಿದ್ದ ಹಣ್ಣನ್ನು ಕೆಳಗಿಳಿಸಿದ. ಆಮೇಲೆ, ‘ಮತ್ತೊಮ್ಮಿ ಹೇಳ್ರಿ’ ಎಂದ. ದೇವೀಂದ್ರಪ್ಪ ಮೊದಲಿನಿಂದ ಹೇಳಿದ. ಎರಡನೆಯ ಸಲ ಹೇಳುವುದು ಇನ್ನೂ ಕಷ್ಟವಾಯಿತು.

‘ಹಂಗಾದ್ರ ನಾ ಬ್ರೇಕ್ ಸರಿ ಹಿಡದಿದ್ನೇನ್ರಿ?’

‘ಸರಿ ಹಿಡದಿದ್ದಿ. ನಿನ್ನಂಗ ಹಿಡಿಯಾವ ಯಾರೂ ಇದ್ದಿಲ್ಲ.’

ಅಜಿತನ ಮುಖ ಅರಳಿತು. ಅರಳಿದ್ದು ಒಂದು ಗಳಿಗೆ ಮಾತ್ರ. ‘ಎಂಟು ವರ್ಷ!’ ಎಂದ. ‘ಎಂಟು ವರ್ಷ ನನ್ನ ಮಗ್ಗಲ ನಿಂತು ಕೈ ದೊಡ್ಡದೋ ಮಷೀನು ದೊಡ್ಡದೋ ಅಂತ ಕೇಳಿದ್ರಿ. ನಾ ನಕ್ಕೆ!’ ಕೈಯಲ್ಲಿದ್ದ ಹಣ್ಣನ್ನು ರಸ್ತೆಗೆ ಎಸೆದ. ಬಂಡೆಮ್ಮ ಬೆಚ್ಚಿ ನೋಡಿದಳು. ‘ನಡೀರಿ, ನಮ್ಮಪ್ಪನ ಮುಂದ ಹೇಳ್ರಿ. ಈಗ.’

ಅರ್ಧ ದಿನದ ರಜೆ ಹಾಕಿ ಅಜಿತ ಬಸ್ಸು ಹತ್ತಿದ. ‘ಗಾಡಿ ಮ್ಯಾಲ ಕೂಡು ಬಾ’ ಎಂದು ಕಾಕಾ ಕರೆದರೆ ತಿರುಗಿಯೂ ನೋಡಲಿಲ್ಲ. ದೇವೀಂದ್ರಪ್ಪ ಕಲಬುರಗಿ ಮುಟ್ಟುವವರೆಗೂ ಆ ಬಸ್ಸಿನ ಬೆನ್ನು ಬಿಡದೆ ಬಂದ. ದಾಟಿ ಮುಂದೆ ಹೋಗುವ ಧೈರ್ಯ ಅವನಿಗಿರಲಿಲ್ಲ.

ವಾಸುದೇವರಾಯರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ‘ಬರ್ರಿ ದೇವೀಂದ್ರಪ್ಪ, ಬಸಾ, ಬಸಾ’ ಎಂದು ಮನೆಮಾತಿನ ಮರಾಠಿಯಲ್ಲೇ ಕುರ್ಚಿ ತೋರಿಸಿದರು. ದೇವೀಂದ್ರಪ್ಪ ಕೂರಲಿಲ್ಲ. ನಿಂತು ಮೂರನೆಯ ಸಲ ಎಲ್ಲ ಹೇಳಿದ. ನೀರು ತಂದ ಅಜಿತನ ತಾಯಿ ಸಾವಿತ್ರೀಬಾಯಿ ತಂಬಿಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಶುಭದಾ ಅತ್ತೆಯ ಹಿಂದೆ ಬಾಯಿಗೆ ಸೆರಗು ಹಿಡಿದಿದ್ದಳು.

ರಾಯರು ಚಷ್ಮಾ ತೆಗೆದರು. ‘ದಸರಾಕ್ಕ ಬನ್ನಿ ತಗೊಂಡು ಬರ್ತಿದ್ರಿ. ನನ್ನ ಕೈಯಾಗ ಕೊಟ್ಟು, ಬಂಗಾರದಂಗ ಇರೋಣು ಅಂತಿದ್ರಿ. ಎಂಟು ಸಲ.’

ಬೈದಿದ್ದರೆ ದೇವೀಂದ್ರಪ್ಪ ತಡೆದುಕೊಳ್ಳುತ್ತಿದ್ದ. ರಾಯರು ಮಗನ ಕಡೆ ತಿರುಗಿ, ‘ಅವತ್ತು ದವಾಖಾನ್ಯಾಗ ನಾ ಅಂದದ್ದು…’ ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಅಜಿತ ಹೋಗಿ ಅವರ ಕುರ್ಚಿಯ ಪಕ್ಕ ನೆಲಕ್ಕೆ ಕೂತ. ‘ಪುಣ್ಯಾಕ್ಕ ಯಾವಾಗ ಹೋಗ್ಬೇಕು?’ ಎಂದು ರಾಯರು ಕೇಳಿದರು. ‘ಒಂದನೇ ತಾರೀಖಿಗಿ’ ಎಂದ ಅಜಿತ. ಅಷ್ಟರ ಮೇಲೆ ದೇವೀಂದ್ರಪ್ಪ ಅಲ್ಲಿರಬೇಕಾದ ಕಾರಣ ಉಳಿದಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದ.

ಅಜಿತ ಹಿಂದೆಯೇ ಬಂದ.

‘ಕಾಕಾ, ನಿಮಗ ಮಾಫ್ ಮಾಡ್ತೀನೋ ಇಲ್ಲೋ ನನಗ ಗೊತ್ತಿಲ್ಲ. ಈ ರವಿವಾರ ನಾ ಬರಂಗಿಲ್ಲ. ಮುಂದಿನ ರವಿವಾರಾನೂ ಇಲ್ಲ.’

‘ಬರಬ್ಯಾಡ.’

‘ಆದ್ರ ಪುಣ್ಯಾದಾಗ ಮೊದಲನೇ ದಿನ ಹುಡುಗರಿಗೆ ಇದೇ ಹೇಳಾವ ಇದ್ದೀನಿ. ಟೈರಿನ ಗಾಳಿ ನಿಮ್ಮ ಕೈಲಿಂದ ನೀವೇ ಅಳದು ನೋಡ್ಕೋರಿ, ಎಂಥಾ ದೊಡ್ಡ ಮಿಸ್ತ್ರಿ ಇದ್ರೂ ಅವನ ಬೆರಳು ನಂಬಬ್ಯಾಡ್ರಿ ಅಂತ. ನಿಮ್ಮ ಹೆಸರು ಹೇಳಂಗಿಲ್ಲ.’

ದೇವೀಂದ್ರಪ್ಪ ಗೇಟಿನ ಚಿಲಕ ಹಿಡಿದು ನಿಂತ. ಎಂಟು ವರ್ಷದಲ್ಲಿ ಮೊದಲ ಸಲ ಅವನ ಕೈಕಾಲು ಎಲ್ಲಿಗೂ ಹೊರಡಲು ಅವಸರ ಮಾಡಲಿಲ್ಲ.

‘ಹೇಳು’ ಎಂದ. ‘ಹೆಸರು ಹಿಡದೇ ಹೇಳು. ಕಲಬುರಗಿ ದೇವೀಂದ್ರಪ್ಪ ಅಂತ ಹೇಳು.’