ಅಳಿಯದೇವರ ಕೊನೆಯ ಮುನಿಸು

ನಾಸಿಕ್ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುತ್ತಿದ್ದ ಕಲಬುರಗಿಯ ಶಿವರಾಯನಿಗೆ ಇದ್ದ ಬಿರುದು ಒಂದೇ: ಅಳಿಯ. ಅದನ್ನು ಅವನು ಚಕ್ರವರ್ತಿ ಪದವಿಯಂತೆ ಮೆರೆದ. ಔರಂಗಾಬಾದ್ ಹತ್ತಿರದ ಗಂಗಾಪುರದಲ್ಲಿ ಹೊಲ ಮಾಡಿಕೊಂಡಿದ್ದ ಹೆಂಡತಿಯ ತಮ್ಮ ಶಿವಕಾಂತ ಪ್ರತಿ ಚಳಿಗಾಲದಲ್ಲೂ ಸೀತನಿ ತಿನ್ನಲು ಕರೆಯುತ್ತಿದ್ದ. ಹಸಿ ಜೋಳದ ತೆನೆ ಸುಟ್ಟು, ಕಾಳು ಉದುರಿಸಿ, ಶೇಂಗಾ ಹಿಂಡಿ ಹಚ್ಚಿ ತಿನ್ನುವ ಆ ಮಹಾಯಾಗದಲ್ಲಿ ಶಿವರಾಯ ಮುನಿಯದಿದ್ದರೆ ಯಾಗ ಪೂರ್ತಿಯಾಗುತ್ತಿರಲಿಲ್ಲ. ಮೊದಲ ಹಿಡಿ ಬೇರೆಯವರಿಗೆ ಹೋಯಿತು, ಮೊಸರು ತಡವಾಯಿತು, ಏನೋ ಒಂದು. ಟವೆಲು ಹೊದಿಸಿ, ಟೋಪಿ ಇಟ್ಟು ಕೈಮುಗಿದರೆ ಮಾತ್ರ ಸಾಮ್ರಾಜ್ಯದಲ್ಲಿ ಶಾಂತಿ.

2011ರ ಜನವರಿಯಲ್ಲಿ, ಅರ್ಧ ತಿಂದವನು ಎದ್ದು ಹೋಗಿ ಬೇವಿನ ಮರದಡಿ ಬೆನ್ನು ತಿರುಗಿಸಿ ಮಲಗಿಬಿಟ್ಟ.

"ದಾಜಿ ಸಿಟ್ಟಾದ್ರು," ಎಂದ ಶಿವಕಾಂತ. ಮರಾಠರಂತೆ ಭಾವನಿಗೆ ದಾಜಿ ಎನ್ನುವುದೇ ಅವನ ರೂಢಿ. "ಟವೆಲ್ ತರ್ರಿ."

ಹೊದಿಸಿದರು. ಟೋಪಿ ಇಟ್ಟರು, ಉರುಳಿತು.

"ಈ ವರ್ಷ ಸಿಟ್ಟು ಭಾರಿ ಅದ. ಧೋತರಾನೇ ಉಡಿಸಬೇಕೇನೋ."

ಶಾಂತಾಬಾಯಿ ಬಂದು ಗಂಡನ ಹಣೆ ಮುಟ್ಟಿದಳು. ಮುನಿದಾಗ ಕೆಂಪಾಗುವ ಮುಖ ಈಗ ಸುಣ್ಣದಂತಿತ್ತು; ಬೆವರು ತಣ್ಣಗಿತ್ತು.

"ಸಿಟ್ಟಲ್ಲೋ ತಮ್ಮಾ. ಸಿಟ್ಟು ಬಂದ್ರ ಇವ್ರು ಬೈಲಾರದೆ ಇರ್ತಾರೇನು? ಜೀಪ್ ತೆಗಿ."

ಔರಂಗಾಬಾದಿನ ಆಸ್ಪತ್ರೆಯಲ್ಲಿ ಗುಟ್ಟು ಬಯಲಾಯಿತು. ಲಿವರಿನ ಅಂಚಿನಿಂದ ಉಬ್ಬಿ ನಿಂತಿದ್ದ ಕ್ಯಾನ್ಸರ್ ಗಡ್ಡೆ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುತ್ತಿತ್ತು. ಹಿಂದೆ ಕಾಮಾಲೆ ಆಗಿತ್ತೇ ಎಂದು ಡಾಕ್ಟರಮ್ಮ ಕೇಳಿದರು. ಆಗಿತ್ತು. ಹೆಪಟೈಟಿಸ್ ಬಿ ವೈರಸ್ ರಕ್ತದಲ್ಲೇ ಉಳಿದಿದೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸು ಎಂದು ಆಗಿನ ವೈದ್ಯರು ಹೇಳಿದ್ದರು. ನಮ್ಮ ಚಕ್ರವರ್ತಿ ಊರಿಗೆ ಹೋಗಿ ಎಲೆರಸ ಕುಡಿದು ವಿಜಯೋತ್ಸವ ಆಚರಿಸಿದ್ದ. ಬಿಪಿ ಗುಳಿಗೆಗಳು ತುಳಸಿ ಕುಂಡಕ್ಕೆ ಅರ್ಪಿತವಾಗುತ್ತಿದ್ದವು. ವೈರಸ್ಸಿನಿಂದ ಗಾಯಗೊಂಡ ಲಿವರು, ಹೊರಕ್ಕೆ ಚಾಚಿದ ದೊಡ್ಡ ಗಡ್ಡೆ, ಮೇಲೆ ಬಿಪಿ. ಒಡೆಯಲು ಇನ್ನೇನು ಬೇಕು?

ಮೊದಲು ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚಿದರು. ಕೆಲವು ವಾರ ಕಳೆದು, ಉಳಿದ ಲಿವರಿಗೆ ತಾಳುವ ಶಕ್ತಿಯಿದೆಯೆಂದು ಖಾತ್ರಿಯಾದ ಮೇಲೆ, ಹೊಟ್ಟೆ ತೆರೆದು ಗಡ್ಡೆಯನ್ನು ಅದರ ಸುತ್ತಲಿನ ಭಾಗದೊಂದಿಗೆ ಕತ್ತರಿಸಿ ತೆಗೆದರು.

"ಮೊದಲ ಸೋರೋದು ಬಂದ್ ಮಾಡು, ಆಮ್ಯಾಲ ಪಾರ್ಟ್ ತೆಗಿ. ನಮ್ಮ ಕಾರ್ಖಾನಿ ಶಾಪಿನಂಗೇ ಅದ," ಎಂದ ಶಿವರಾಯ, ಎಚ್ಚರವಾದೊಡನೆ.

"ನಿಮ್ಮ ಶಾಪಿನ್ಯಾಗ ವಿಮಾನಕ್ಕ ಎಲಿರಸ ಕುಡಸ್ತಾರೇನ್ರಿ?" ಎಂದಳು ಶಾಂತಾಬಾಯಿ. ಅವಳೂ ಮಕ್ಕಳೂ ಅಷ್ಟರಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಲಸಿಕೆ ಚುಚ್ಚಿಸಿಕೊಂಡಾಗಿತ್ತು.

ಮರುವರ್ಷದ ಸ್ಕ್ಯಾನ್ ಸ್ವಚ್ಛವಾಗಿತ್ತು. ಸೀತನಿಗೆ ಬಂದ ಅಳಿಯದೇವರಿಗೆ ಸಿಕ್ಕಿದ್ದು ಒಂದೇ ಹಿಡಿ ಕಾಳು, ಅದೂ ಹೆಂಡತಿ ಅಳೆದು ಕೊಟ್ಟದ್ದು. ಹಳೆಯ ರಾಜತೇಜ ಉಕ್ಕಿತು. ಎದ್ದು ಬೇವಿನ ಮರದ ಕಡೆ ಎರಡು ಹೆಜ್ಜೆ ಇಟ್ಟ, ಅಷ್ಟೇ. ಜೀಪು ಗುರ್ ಎಂದಿತು. ಹಿಂದಿನ ಸೀಟಿಗೆ ದಿಂಬು ಬಂತು. ಇಬ್ಬರು ಓಡಿಬಂದು ಅವನ ರಟ್ಟೆ ಹಿಡಿದರು.

"ಏನ್ ಆಗ್ಯಾದ್ರಿ ದಾಜಿ?"

"ಏನಾಗಿಲ್ಲೋ ಮಾರಾಯಾ," ಎಂದು ಶಿವರಾಯ ಮರಳಿ ಕೂತ. "ಸುಮ್ಮ ತಿನ್ಲತ್ತೀನಿ."