ಬರ್ಲ್‌ನ ಚಿನ್ನದ ಪಿನ್ನು, ಓಪಲ್‌ಳ ಬೆಂಚು

ರೈಫಲ್ಲಿನೊಳಗೆ ಟ್ರಿಗರನ್ನು ಹಿಡಿದಿಡುವ ಪಿನ್ನಿಗೂ ಗುಂಡು ಹೋಗಿ ಎಲ್ಲಿ ತಾಗುತ್ತದೆ ಎನ್ನುವುದಕ್ಕೂ ಸಂಬಂಧವಿಲ್ಲ. ಬಾಗಿಲಿಗೆ ಬಂಗಾರದ ಕೀಲು ಹಾಕಿಸಿದರೆ ಬರುವ ನೆಂಟರು ಸಜ್ಜನರಾಗುತ್ತಾರೆಯೇ? ಇಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಓಪಲ್ ಸ್ಕಿಡ್ಮೋರ್ ಎಂಬ ಅರವತ್ತಾರರ ಹೆಂಗಸು ತನ್ನ ಹೊಟ್ಟೆಪಾಡಿನ ಬೆಂಚನ್ನೇ ಕಳೆದುಕೊಳ್ಳುವುದರಲ್ಲಿದ್ದಳು.

ವೆಸ್ಟ್ ವರ್ಜೀನಿಯಾದ ಲಾರೆಲ್ ಸ್ಪರ್ ಎಂಬ ಊರಿನ ಅಂಗಿ ಕಾರ್ಖಾನೆಯಲ್ಲಿ ಓಪಲ್ ಇಪ್ಪತ್ತಾರು ವರ್ಷ ಹೊಲಿಗೆ ಮೆಷಿನ್ನುಗಳನ್ನು ರಿಪೇರಿ ಮಾಡಿದಳು. ಕಾರ್ಖಾನೆಗೆ ಬೀಗ ಬಿದ್ದ ವಾರವೇ ಸ್ಕ್ರೂಡ್ರೈವರುಗಳ ಗಂಟು ಕಂಕುಳಲ್ಲಿಟ್ಟುಕೊಂಡು ಕೋಗರ್ ಹಾರ್ಡ್‌ವೇರ್ ಅಂಗಡಿಗೆ ಹೋದಳು. ಅಂಗಡಿಯ ಹಿಂಬದಿಯ ಕಿಟಕಿಯ ಪಕ್ಕ ದೊಡ್ಡ ಕೋಗರ್ ಅವಳಿಗೊಂದು ರಿಪೇರಿ ಬೆಂಚು ಹಾಕಿಕೊಟ್ಟ. ಅಂದಿನಿಂದ ಊರಿನ ಬಂದೂಕುಗಳೆಲ್ಲ ಅವಳ ಕೈಯಲ್ಲೇ ಗುಣವಾಗುತ್ತ ಬಂದವು. "ಹೊಲಿಗೆ ಮೆಷಿನ್ ಬಿಚ್ಚಿದ ಕೈಲಿ ಬಂದೂಕು ಬಿಚ್ತೀಯಲ್ಲಾ" ಎಂದು ಯಾರಾದರೂ ನಕ್ಕರೆ ಅವಳ ಉತ್ತರ ಒಂದೇ: "ಎರಡರಲ್ಲೂ ಸ್ಪ್ರಿಂಗು ಸುಳ್ಳು ಹೇಳಲ್ಲ ಕಣಪ್ಪ. ಸುಳ್ಳು ಹೇಳೋನು ಅದನ್ನ ಹಾಕಿದೋನು."

ದೊಡ್ಡ ಕೋಗರ್ ತೀರಿಕೊಂಡ ಮೇಲೆ ಅಂಗಡಿ ಮಗ ಡ್ವೇನ್‌ನ ಕೈಗೆ ಬಂತು. ಚಿಕ್ಕಂದಿನಲ್ಲಿ ಚರ್ಚಿನ ಭಾನುವಾರದ ಪಾಠಕ್ಕೆ ಇದೇ ಓಪಲ್‌ಳ ಮುಂದೆ ಕೂತು ಬಿಸ್ಕತ್ತು ಕದ್ದು ತಿಂದವನು ಅವನು. ಈಗಲೂ ಅವಳೆದುರು ಜೋರಾಗಿ ಮಾತಾಡಲು ಅಳುಕುತ್ತಾನೆ. ಅದಕ್ಕೇ ಹೇಳಬೇಕಾದ್ದನ್ನೆಲ್ಲ ಗೋಡೆಯ ಕಡೆ ಮುಖ ಮಾಡಿ ಹೇಳುತ್ತಾನೆ.

ಗಲಾಟೆ ಶುರುವಾದದ್ದು ಬರ್ಲ್ ಟ್ಯಾಕೆಟ್‌ನಿಂದ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಬರ್ಲ್, ಅಡುಗೆಮನೆಯ ಮೇಜಿನ ಮೇಲೆ ವಿಡಿಯೊ ನೋಡುತ್ತ ಬಿಡಿಭಾಗ ಜೋಡಿಸಿ ತಾನೇ ಒಂದು ಅರೆ-ಸ್ವಯಂಚಾಲಿತ ರೈಫಲ್ ಕಟ್ಟಿದ್ದ. ಆ ಊರಲ್ಲಿ ಗಂಡಸು ಮನೆ ಕಟ್ಟದಿದ್ದರೂ ನಡೆದೀತು, ರೈಫಲ್ ಕಟ್ಟದಿದ್ದರೆ ಕ್ಷೌರದಂಗಡಿಯಲ್ಲಿ ಕುರ್ಚಿ ಸಿಗದು. ಆದರೆ ನಲವತ್ತು ಗುಂಡು ಹಾರಿಸುವಷ್ಟರಲ್ಲಿ ಅವನ ಟ್ರಿಗರ್ ಪಿನ್ನು ಮಗ್ಗುಲಿನಿಂದ ಮೆಲ್ಲಗೆ ಹೊರಗೆ ಇಣುಕುತ್ತಿತ್ತು. ಬೆರಳಲ್ಲಿ ಒಳಗೆ ಒತ್ತಿದರೆ ಮತ್ತೆ ಇಣುಕುತ್ತಿತ್ತು.

"ತಾ ಇಲ್ಲಿ, ಬಿಚ್ಚಿ ನೋಡ್ತೀನಿ," ಎಂದಳು ಓಪಲ್.

"ನಾನು ಕಟ್ಟಿದ್ದನ್ನ ನೀನು ಬಿಚ್ಚೋದಾ? ನನ್ನ ಹೆಂಡ್ತಿಗೂ ಅದರ ಹೊಟ್ಟೆ ತೋರಿಸಿಲ್ಲ."

"ನಿನ್ನ ಹೆಂಡ್ತಿ ಪುಣ್ಯವಂತೆ ಬಿಡು."

ಡ್ವೇನ್ ಅವನಿಗೆ ಬೇರೆ ಪಿನ್ನು ತರಿಸಿಕೊಟ್ಟ. ಚಿನ್ನದ ಬಣ್ಣ, ಎರಡೂ ತುದಿಗೆ ಪುಟ್ಟ ತಿರುಪು, ಜೋಡಿಗೆ ಮೂವತ್ತೆಂಟು ಡಾಲರ್. ತಿರುಪು ಬಿಗಿದ ಮೇಲೆ ಪಿನ್ನು ಅಲುಗಲಿಲ್ಲ. ಬರ್ಲ್ ಊರಿಗೆಲ್ಲ ಡಂಗುರ ಸಾರಿದ. ಮೊದಲ ದಿನ "ಪಿನ್ನು ನಿಂತಿತು" ಎಂದ. ಮೂರನೆಯ ದಿನ "ಕೈಗೆ ಹಗುರ ಅನ್ನಿಸುತ್ತೆ" ಎಂದ. ವಾರ ಕಳೆಯುವಷ್ಟರಲ್ಲಿ "ಗುರಿ ಒಂದಿಂಚು ಸುಧಾರಿಸಿದೆ" ಎಂದ. ಡ್ವೇನ್ ನಾಲ್ಕು ಪೆಟ್ಟಿಗೆ ಚಿನ್ನದ ಪಿನ್ನು ತರಿಸಿ ಗಲ್ಲಾದ ಮುಂದೆ ಪೇರಿಸಿದ.

ಕೊಳ್ಳಲು ಬಂದವರು ದುಡ್ಡು ತೆಗೆಯುವ ಮೊದಲು ಹಳೆಯ ರೂಢಿಯಂತೆ ಹಿಂದಿನ ಕಿಟಕಿಯತ್ತ ತಿರುಗಿ ಕೇಳುತ್ತಿದ್ದರು: "ಮಿಸ್ ಓಪಲ್, ಇದು ಬೇಕಾ?"

"ನಿನ್ನ ಪಿನ್ನು ಹೊರಗೆ ಬರ್ತಿದೆಯಾ?"

"ಇಲ್ಲ."

"ಮತ್ತೆ ಯಾಕೆ? ಬರ್ತಿದ್ದರೂ ಮೊದಲು ಸ್ಪ್ರಿಂಗ್ ನೋಡಬೇಕು. ಅದರ ಕಾಲು ಪಿನ್ನಿನ ಗೀರಿನಲ್ಲಿ ಕೂತಿದ್ದರೆ ಒಂದು ಡಾಲರಿನ ಪಿನ್ನೂ ಜಗ್ಗಲ್ಲ. ಹೋಗು, ಆ ದುಡ್ಡಲ್ಲಿ ಹೆಂಡ್ತಿಗೆ ಊಟ ಕೊಡಿಸು."

ಹೀಗೆ ಒಂಬತ್ತು ಗಂಡಸರು ಹೆಂಡತಿಗೆ ಊಟ ಕೊಡಿಸಲು ಹೊರಟುಹೋದರು. ಕೊಡಿಸಿದವರು ಎಷ್ಟು ಮಂದಿಯೋ ಗೊತ್ತಿಲ್ಲ.

ಡ್ವೇನ್ ಗೋಡೆಯ ಕಡೆ ತಿರುಗಿದ. "ಮಿಸ್ ಓಪಲ್, ತಪ್ಪು ತಿಳ್ಕೋಬೇಡಿ. ಆ ಕಿಟಕಿ ಹತ್ರ ಇದ್ದಿಲಿನ ಒಲೆಗಳನ್ನ ಇಟ್ಟರೆ ಚೆನ್ನಾಗಿ ಮಾರಾಟ ಆಗುತ್ತೆ. ಶನಿವಾರ ಹ್ಯಾಮ್ ಪಂದ್ಯ ಇದೆಯಲ್ಲ, ಅಲ್ಲಿ ಎಲ್ಲರ ಮುಂದೆ ನೀವು ಒಂದೇ ಒಂದು ಮಾತು ಹೇಳಿಬಿಡಿ, ಪಿನ್ನು ಒಳ್ಳೇದು ಅಂತ. ಇಲ್ಲಾಂದ್ರೆ ಸೋಮವಾರ ಬೆಂಚು ಎತ್ತಬೇಕಾಗುತ್ತೆ."

"ಬಿಸ್ಕತ್ತು ಕದ್ದಾಗಲೂ ನೀನು ಹಿಂಗೇ ಗೋಡೆ ನೋಡ್ತಿದ್ದೆ, ಡ್ವೇನ್."

ಬಾಯಲ್ಲಿ ಹಾಗೆಂದರೂ ಅವಳ ಕೈ ಬೆಂಚಿನ ಅಂಚನ್ನು ಸವರಿತು. ಅರವತ್ತಾರರಲ್ಲಿ ಇನ್ನೊಂದು ಕಿಟಕಿ ಎಲ್ಲಿ ಸಿಕ್ಕೀತು? ಒಂದು ಮಾತು. ಅದರಿಂದ ಯಾರೂ ಸಾಯುವುದಿಲ್ಲ. ಜಗತ್ತಿನ ಅರ್ಧ ವ್ಯಾಪಾರ ನಿಂತಿರುವುದೇ ಈ "ಯಾರೂ ಸಾಯುವುದಿಲ್ಲ" ಎಂಬ ಸಮಾಧಾನದ ಮೇಲೆ. ಓಪಲ್‌ಗೂ ಎರಡು ದಿನ ಆ ಸಮಾಧಾನ ರುಚಿಸಿತು. ಸುಳ್ಳೇಕೆ ಹೇಳಲಿ.

ಹ್ಯಾಮ್ ಪಂದ್ಯ ಎಂದರೆ ಊರಿನ ಅಗ್ನಿಶಾಮಕ ಸ್ವಯಂಸೇವಕರು ವರ್ಷಕ್ಕೊಮ್ಮೆ ನಡೆಸುವ ಗುರಿಪಂದ್ಯ. ಕಾಗದದ ಗುರಿಗೆ ಹತ್ತು ಗುಂಡು, ಗೆದ್ದವರಿಗೆ ಹೊಗೆಯಲ್ಲಿ ಹದಮಾಡಿದ ಇಡೀ ಹಂದಿತೊಡೆ. ಒಂಬತ್ತು ವರ್ಷದಿಂದ ಬರ್ಲ್ ಎರಡನೆಯವನು, ಅವನ ಹೆಂಡತಿಯ ತಂಗಿ ನಾರ್ಲೀನ್ ಮೊದಲನೆಯವಳು. ಪ್ರತಿ ಕ್ರಿಸ್‌ಮಸ್ಸಿಗೆ ಆ ಹ್ಯಾಮನ್ನು ಅವಳ ಮನೆಯಲ್ಲೇ ಕೂತು ತಿನ್ನುವುದು ಬರ್ಲ್‌ನ ಹಣೆಬರಹ.

ಶನಿವಾರ ಡ್ವೇನ್ ಬೀನ್ಸ್ ಮತ್ತು ಜೋಳದ ಬ್ರೆಡ್ಡಿನ ಮೇಜಿನ ಪಕ್ಕದಲ್ಲೇ ಪಿನ್ನುಗಳ ಪೆಟ್ಟಿಗೆ ಜೋಡಿಸಿ ಕೂಗಿದ: "ಬರ್ಲ್ ಈಗ ತೋರಿಸ್ತಾನೆ ನೋಡಿ! ಆಮೇಲೆ ಮಿಸ್ ಓಪಲ್ ಎರಡು ಮಾತು ಹೇಳ್ತಾರೆ!"

ಬರ್ಲ್ ಮಲಗಿ ಗುರಿಯಿಟ್ಟ. ಟ್ರಿಗರ್ ಒತ್ತಿದ.

ಟಕ್.

ಗುಂಡು ಹಾರಲಿಲ್ಲ. ಹೀಗಾದಾಗ ರೈಫಲ್ಲಿನ ಬಾಯಿಯನ್ನು ಗುರಿಯತ್ತಲೇ ಹಿಡಿದು ಮೂವತ್ತು ಸೆಕೆಂಡು ಕಾಯಬೇಕು. ಅಗ್ನಿಶಾಮಕದವರು ಅದನ್ನು ಜೋರಾಗಿ ಎಣಿಸುವುದು ಅಲ್ಲಿಯ ಪದ್ಧತಿ. ಜನರೂ ದನಿಗೂಡಿಸಿದರು: "ಒಂದು! ಎರಡು! ಮೂರು!" ಮೂವತ್ತಾಯಿತು. ಇನ್ನೊಂದು ಗುಂಡು. ಟಕ್. ಮತ್ತೆ "ಒಂದು! ಎರಡು!" ಮೂರನೆಯ ಸಲ ಎಣಿಸುವಾಗ ಮುದುಕಿಯರು ತಾಳ ಹಾಕತೊಡಗಿದರು. ಬರ್ಲ್‌ನ ಮುಖ ಹರಳೆಣ್ಣೆ ಕುಡಿದಂತಾಯಿತು.

"ಗುಂಡುಗಳೇ ಸರಿ ಇಲ್ಲ!" ಎಂದು ಕಿರುಚಿದ.

ನಾರ್ಲೀನ್ ಅವನ ಡಬ್ಬಿಯಿಂದಲೇ ಮೂರು ಹೊಸ ಗುಂಡು ತೆಗೆದು ತನ್ನ ರೈಫಲ್ಲಿಗೆ ಹಾಕಿ ಮೂರನ್ನೂ ಹಾರಿಸಿದಳು. "ಗುಂಡು ಚೆನ್ನಾಗೇ ಇವೆ ಭಾವ. ಕ್ರಿಸ್‌ಮಸ್ಸಿಗೆ ಎಷ್ಟು ಗಂಟೆಗೆ ಬರ್ತೀರಿ?"

ಓಪಲ್ ಎದ್ದಳು. ಡ್ವೇನ್ ಅವಳ ತೋಳು ಹಿಡಿದು ಪಿಸುಗುಟ್ಟಿದ: "ಮಿಸ್ ಓಪಲ್, ಸೋಮವಾರ..."

"ಸೋಮವಾರದ್ದು ಸೋಮವಾರಕ್ಕೆ," ಎಂದವಳು ಬರ್ಲ್‌ನ ಮುಂದೆ ಹೋಗಿ ಕೈ ಚಾಚಿದಳು. ಈ ಸಲ ಅವನು ಗುಂಡುಗಳನ್ನೆಲ್ಲ ತೆಗೆದು ಖಾಲಿ ರೈಫಲ್ಲನ್ನು ಕೊಟ್ಟ.

ಬೀನ್ಸ್ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಚಿನ್ನದ ತಿರುಪು ಬಿಚ್ಚಿ, ಪಿನ್ನು ಎಳೆದು, ಗುಂಡು ಸಿಡಿಯಲು ಒಳಗಿನಿಂದ ಪೆಟ್ಟು ಕೊಡುವ ಹ್ಯಾಮರನ್ನು ಹೊರತೆಗೆದಳು. ಅವಳಂದುಕೊಂಡಂತೆಯೇ ಇತ್ತು. ಬರ್ಲ್ ಹ್ಯಾಮರ್ ಸ್ಪ್ರಿಂಗನ್ನು ತಿರುಗಾಮುರುಗಾ ಹಾಕಿದ್ದ.

"ನೋಡ್ರಪ್ಪ," ಎಂದು ಎತ್ತಿ ಹಿಡಿದಳು. "ಇದು ಹಿಂಗೆ ಕೂತರೆ ಹ್ಯಾಮರಿಗೆ ಗುದ್ದೋ ತ್ರಾಣ ಸಾಲಲ್ಲ, ಒಂದು ದಿನ ಗುಂಡು ಹಾರುತ್ತೆ, ಇನ್ನೊಂದು ದಿನ ಹಾರಲ್ಲ. ಪಿನ್ನನ್ನ ಹಿಡಿದುಕೊಳ್ಳೋಕೂ ಆಗಲ್ಲ. ಪಾಪ, ಆ ಹಳೇ ಪಿನ್ನು ದಿನಾ ಹೊರಗೆ ಬಂದು 'ಒಳಗೆ ಏನೋ ಸರಿ ಇಲ್ಲ' ಅಂತ ಕೂಗ್ತಿತ್ತು. ಇವನು ಮೂವತ್ತೆಂಟು ಡಾಲರ್ ಕೊಟ್ಟು ಅದರ ಬಾಯಿಗೆ ಬಟ್ಟೆ ತುರುಕಿದ."

"ವಿಡಿಯೊದಲ್ಲಿ ಹಂಗೇ ಇತ್ತು," ಎಂದು ಬರ್ಲ್ ಗೊಣಗಿದ.

"ವಿಡಿಯೊ ಸರಿಯಾಗೇ ಇತ್ತು. ಮೇಜಿನ ಆ ಕಡೆ ಕೂತು ನೋಡಿದ್ದು ನೀನು."

ಸ್ಪ್ರಿಂಗನ್ನು ನೆಟ್ಟಗೆ ಹಾಕಿ, ಬಿಡಿಭಾಗ ತುಂಬಿಟ್ಟ ತನ್ನ ಹಳೆಯ ನಶ್ಯದ ಡಬ್ಬಿಯಿಂದ ಮಾಮೂಲಿ ಪಿನ್ನು ತೆಗೆದು ಕೂರಿಸಿದಳು. ಪಿನ್ನು ಅಲುಗಿದರೆ ಗೊತ್ತಾಗಲೆಂದು ಅದಕ್ಕೂ ಪಕ್ಕದ ಲೋಹಕ್ಕೂ ಸೇರಿಸಿ ಕೆಂಪು ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆದಳು. ಬರ್ಲ್ ತನ್ನ ಹತ್ತು ಗುಂಡು ಹಾರಿಸಿದ. ಹತ್ತೂ ಹಾರಿದವು. ಆಮೇಲೆ ಪಟ್ಟು ಹಿಡಿದು ಇನ್ನೂ ಎಂಬತ್ತು ಹಾರಿಸಿದ. ಗೆರೆ ಕೂದಲೆಳೆಯಷ್ಟೂ ಕದಲಲಿಲ್ಲ.

ಹ್ಯಾಮ್ ಮಾತ್ರ ನಾರ್ಲೀನ್‌ಗೇ ಹೋಯಿತು. ಬರ್ಲ್ ಎಂದಿನಂತೆ ಎರಡನೆಯವನು. ಸ್ಪ್ರಿಂಗು ನೆಟ್ಟಗಾದರೆ ಕೈ ನೆಟ್ಟಗಾದೀತೇ?

ಸೋಮವಾರ ಓಪಲ್ ಬೆಂಚು ಖಾಲಿ ಮಾಡಲು ರಟ್ಟಿನ ಪೆಟ್ಟಿಗೆ ಹಿಡಿದು ಬಂದರೆ ಅಂಗಡಿಯ ಬಾಗಿಲಲ್ಲಿ ಹನ್ನೊಂದು ಗಂಡಸರು ರೈಫಲ್ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರದೂ ಒಂದೇ ಮಾತು: "ನನ್ನದೇನೂ ಇಲ್ಲ ಮಿಸ್ ಓಪಲ್, ನನ್ನ ಸ್ನೇಹಿತನದು, ಸುಮ್ಮನೆ ಸ್ಪ್ರಿಂಗ್ ನೋಡಿಬಿಡಿ." ಡ್ವೇನ್ ಆ ಸಾಲನ್ನು ನೋಡಿದ, ಇದ್ದಿಲಿನ ಒಲೆಗಳನ್ನು ನೋಡಿದ, ಕೊನೆಗೆ ಗೋಡೆಯನ್ನು ನೋಡಿದ. "ಒಲೆಗಳನ್ನ ಹೊರಗಡೆನೇ ಇಡೋಣ ಬಿಡಿ," ಎಂದ.

ಹನ್ನೊಂದರಲ್ಲಿ ನಾಲ್ಕು ಸ್ಪ್ರಿಂಗು ತಿರುಗಾಮುರುಗಾ ಇದ್ದವು. ಹನ್ನೊಂದನೆಯವನದು ಬೇರೆ ಜಾತಿ. ಟ್ರಿಗರ್, ಹ್ಯಾಮರ್ ಎಲ್ಲ ಒಂದೇ ಡಬ್ಬಿಯಾಗಿ ಬರುವ ಬಗೆ, ಅದರಲ್ಲಿ ಪಿನ್ನನ್ನು ಹಿಡಿಯುವ ಸ್ಪ್ರಿಂಗಿನ ಕಾಲೇ ಇಲ್ಲ. ಓಪಲ್ ಎದ್ದು ಹೋಗಿ ಗಲ್ಲಾದ ಮುಂದಿನಿಂದ ಒಂದು ಜೋಡಿ ಚಿನ್ನದ ಪಿನ್ನು ತಂದು ಅವನ ಕೈಗಿಟ್ಟಳು.

ಡ್ವೇನ್ ಬಾಯಿ ತೆರೆದು ನಿಂತ. "ಮಿಸ್ ಓಪಲ್! ನೀವೇ ಮಾರಿದ್ರಾ?"

"ಇವನಿಗೆ ಬೇಕಿತ್ತು," ಎಂದಳು ಓಪಲ್. "ಅವರಿಗೆ ಬೇಕಿರಲಿಲ್ಲ. ಅಷ್ಟೇ ಕಣೋ ಅಂಗಡಿ ವಿದ್ಯೆ."

ಮಾರುವವರೆಲ್ಲ ಈ ವಿದ್ಯೆ ಕಲಿಯಲಿ ಎಂದು ಕಾದು ಕೂತರೆ ನಿಮ್ಮ ಆಯುಷ್ಯ ಸಾಲದು. ಆದ್ದರಿಂದ ಮುಂದಿನ ಸಲ ಯಾರಾದರೂ ಹೊಳೆಯುವ ವಸ್ತುವೊಂದನ್ನು ನಿಮ್ಮ ಮೂಗಿನ ಮುಂದೆ ಹಿಡಿದಾಗ ಒಂದೇ ಪ್ರಶ್ನೆ ಕೇಳಿ: "ಇದು ಯಾವ ರೋಗಕ್ಕೆ ಮದ್ದು?" ನೆಟ್ಟಗಿನ ಉತ್ತರ ಬರುವ ತನಕ ಜೇಬಿನಿಂದ ಕೈ ತೆಗೆಯಬೇಡಿ.